ನಾಲ್ಕನೆಯವರು

“ಮಲಗಿದ್ದಾಳೆ. ಮಲಗಲಿ ಬಿಡಿ, ಪಾಪ,” ಎಂದು ಅತ್ತೆ ನಡುಮನೆಯಲ್ಲಿ ನಿಂತು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದುದು ಬಾಗಿಲ ಸಂದಿಯಿಂದ ಕೇಳಿಸಿತು. ಅವಳು ಮಲಗಿರಲಿಲ್ಲ. ಗೋಡೆಯ ಕಡೆ ಮುಖ ಮಾಡಿಕೊಂಡು, ಮಂಚದ ತನ್ನ ಅರ್ಧವನ್ನು ಒಂದು ಬೆರಳಿನಷ್ಟೂ ದಾಟದ ಹಾಗೆ, ಕಣ್ಣು ಬಿಟ್ಟುಕೊಂಡೇ ಒರಗಿದ್ದಳು. ಶವಸಂಸ್ಕಾರ ಮುಗಿದು, ಬಂದ ನೆಂಟರೆಲ್ಲ ಒಬ್ಬೊಬ್ಬರಾಗಿ ಚಪ್ಪಲಿ ಹುಡುಕಿಕೊಂಡು ಹೊರಟು, ಬಾಡಿಗೆಗೆ ತಂದ ಕುರ್ಚಿಗಳನ್ನೂ ನಿನ್ನೆ ಸಂಜೆ ಎತ್ತಿಕೊಂಡು ಹೋಗಿದ್ದರು. ಇವತ್ತಿನದು ಬರೀ ಬೆಳಿಗ್ಗೆ. ಮೇಲಿನ ಮನೆಯಲ್ಲಿ ಯಾರೋ ಬಕೆಟ್ಟಿಗೆ ನೀರು ಬಿಟ್ಟರು. ಕೆಳಗೆ ಸ್ಕೂಲ್ ವ್ಯಾನು ಎಂದಿನಂತೆ ಎರಡು ಸಲ ಹಾರ್ನ್ ಹೊಡೆದು, ಎಂದಿನಂತೆ ಯಾರೂ ಬಾರದೆ, ಮೂರನೆಯ ಸಲ ಸಿಟ್ಟಿನಿಂದ ಹೊಡೆಯಿತು. ಲೋಕ ತನ್ನ ಪಾಡಿಗೆ ತಾನು ಎದ್ದಿತ್ತು. ಅತ್ತೆ ಮಾತ್ರ ತುದಿಗಾಲಲ್ಲಿ ನಡೆಯುತ್ತಿದ್ದರು, ಪಾತ್ರೆಯನ್ನು ಪಾತ್ರೆಗೆ ತಗಲಿಸದೆ ಎತ್ತಿಡುತ್ತಿದ್ದರು. ಆ ಎಚ್ಚರದ ಮೌನವೇ ಗದ್ದಲಕ್ಕಿಂತ ಹೆಚ್ಚಾಗಿ ಕಿವಿಗೆ ಬಡಿಯುತ್ತಿತ್ತು. ಮಲಗಿರುವವರನ್ನು ಎಬ್ಬಿಸದ ಹಾಗೆ ಓಡಾಡುವುದು ಹೇಗೆ ಎನ್ನುವುದು ಅವಳಿಗೂ ಗೊತ್ತಿತ್ತು. ಬಾಗಿಲ ಚಿಲಕ ಟಕ್ಕೆನ್ನದಂತೆ ಬೆರಳಲ್ಲಿ ಹಿಡಿದುಕೊಂಡು ಎಳೆಯಬೇಕು. ಆ ಭಾನುವಾರ ಹಾಗೇ ಎಳೆದಿದ್ದಳು. ಗಂಡ ವಾರವಿಡೀ ದುಡಿದಿದ್ದಾನೆ, ಮಲಗಲಿ ಎಂದುಕೊಂಡಿದ್ದಳು. ನಿಜವಾಗಿ ಹಾಗೆ ಅಂದುಕೊಂಡಿದ್ದಳೇ, ಅಥವಾ ಇವನು ಎದ್ದರೆ ಮಾತು ಶುರುವಾಗುತ್ತದೆ, ಕರಡು ಮುಗಿಯುವುದಿಲ್ಲ ಎಂದುಕೊಂಡಿದ್ದಳೇ? ಬಾಲ್ಕನಿಯ ಬಿಸಿಲು ಮೇಜಿನ ಕಾಲು ದಾಟಿ ಅವಳ ಪಾದದ ಮೇಲೆ ಬರುವವರೆಗೂ ಕೂತು ಒಂದಿಡೀ ಅಧ್ಯಾಯದ ಕರಡು ತಿದ್ದಿದ್ದಳು. ಆಮೇಲೆ ಹೋಗಿ ಬಾಗಿಲು ತೆರೆದಾಗ ಅವನ ಕೈ ತಣ್ಣಗಿತ್ತು. ಹೃದಯ ನಿದ್ದೆಯಲ್ಲೇ ನಿಂತಿದೆ ಎಂದರು ಡಾಕ್ಟರು. ಯಾವಾಗ ಎಂದು ಅವಳು ಕೇಳಲಿಲ್ಲ. ಆ ಅಧ್ಯಾಯದಲ್ಲಿ ಒಂದು ತಪ್ಪೂ ಉಳಿದಿರಲಿಲ್ಲ ಎಂದು, ಸಮಾಧಾನ ಹೇಳಲು ಬಂದ ಪ್ರಕಾಶನದ ಮ್ಯಾನೇಜರು, ಬೇರೆ ಮಾತು ಸಿಗದೆ, ಬಾಡಿಗೆಯ ಕುರ್ಚಿಯ ತುದಿಯಲ್ಲಿ ಕೂತು ಹೇಳಿದ್ದರು.

ಎದ್ದು ಹೊರಗೆ ಬಂದಳು. ಅತ್ತೆ ಫೋನನ್ನು ಇನ್ನೂ ಕೈಯಲ್ಲೇ ಹಿಡಿದುಕೊಂಡು, ಅದು ಏನೋ ತಪ್ಪು ಮಾಡಿದ ಹಾಗೆ ಅದನ್ನೇ ನೋಡುತ್ತಿದ್ದರು.

“ಎಬ್ಬಿಸಿಬಿಟ್ಟೆನೇನೋ.”

“ಇಲ್ಲ ಅತ್ತೆ, ಎದ್ದೇ ಇದ್ದೆ. ಯಾರದು?”

“ಯಾರೋ ದವಡೆ ಮಾವ ಅಂತೆ. ರಾಂಗ್ ನಂಬರ್ರು, ನಮ್ಮಲ್ಲಿ ಯಾರಿಗೂ ಅಂಥ ಹೆಸರಿಲ್ಲ ಅಂದೆ. ಮನುಷ್ಯ ಬಿಡ್ಲೇ ಇಲ್ಲ.”

“ಅವರ ಲ್ಯಾಬಿನವರು. ಅಲ್ಲಿ ಎಲ್ರೂ ಹಾಗೇ ಕರೀತಾರೆ.”

“ಏನೋ ಮೆಷಿನ್ನು ಇಲ್ಲಿದೆಯಂತೆ, ಅವರದ್ದು. ಇವನು ಇಸ್ಕೊಂಡಿದ್ದನಂತೆ. ಅವಸರ ಏನಿಲ್ಲ, ಅವಸರ ಏನಿಲ್ಲ ಅಂತ ಮೂರು ಸಲ ಅಂದ್ರು.” ಅತ್ತೆ ಫೋನನ್ನು ಫ್ರಿಜ್ಜಿನ ಮೇಲಿಟ್ಟರು. “ಮೂರು ಸಲ ಅಂದ್ರು ಅಂದ್ರೆ ಅವಸರ ಇದೆ ಅಂತ್ಲೇ. ಯಾವ ಮೆಷಿನ್ನೇ ಅದು, ಹಲ್ಲು ಕೊರೆಯೋದಾ?”

“ಅಲ್ಲ. ಆಟದ್ದು.”

“ಆಟದ್ದು,” ಎಂದರು ಅತ್ತೆ. ಸತ್ತ ಮಗ ಇದೀಗ ಮೊಣಕಾಲಿಗೆ ಮಣ್ಣು ಮಾಡಿಕೊಂಡು ಒಳಗೆ ಬಂದನೇನೋ ಎನ್ನುವಂತೆ ಅವರ ದನಿಯಲ್ಲಿ ಒಂದು ಹಳೆಯ ಗದರಿಕೆ ಇತ್ತು.

ದವಡೆ ಮಾವ ಶವಸಂಸ್ಕಾರದ ದಿನವೂ ಅದನ್ನು ಕೇಳಲು ಬಾಯಿ ತೆರೆದಿದ್ದರು. ಸುತ್ತ ಜನ ನಿಂತಿದ್ದಾಗ ಅವಳ ಎರಡೂ ಕೈ ಹಿಡಿದುಕೊಂಡು, “ಏನು ಹೇಳ್ಲಮ್ಮ, ಆ ಮೆಷಿನ್ನು...” ಎಂದು ಶುರು ಮಾಡಿ, ತಾವೇ ತಮ್ಮ ಮಾತಿಗೆ ಬೆಚ್ಚಿ, ಉಳಿದುದನ್ನು ಕೆಮ್ಮಿನಲ್ಲಿ ಮುಚ್ಚಿಹಾಕಿದ್ದರು. ಅವಳಿಗೆ ಬೇಸರವಾಗಿರಲಿಲ್ಲ. ಆ ದಿನ ಅವಳಿಗೆ ಕೇಳಿಸಿದ ಮಾತುಗಳಲ್ಲೆಲ್ಲ ಅದೊಂದೇ ಅರ್ಥವಾಗುವ ಮಾತಾಗಿತ್ತು. ಟಿವಿಯ ಕೆಳಗಿನ ಗೂಡಿನಲ್ಲಿ ಅದು ಈಗಲೂ ಕೂತಿತ್ತು: ಬೂದು ಬಣ್ಣದ, ನೆತ್ತಿಯ ಮೇಲೆ ಕ್ಯಾಸೆಟ್ಟು ಸಿಕ್ಕಿಸಿಕೊಂಡ, ಕಂಟ್ರೋಲರಿನ ವೈರನ್ನು ತನ್ನ ಮೈಗೇ ಸುತ್ತಿಕೊಂಡ ಹಳೆಯ ವಿಡಿಯೋ ಗೇಮ್ ಮೆಷಿನ್ನು. ಒಂದು ವಾರಕ್ಕೆಂದು ತಂದದ್ದು, ಮೂರು ವರ್ಷವಾಗಿತ್ತು. ಅವನು ನಡೆಯಲು ಕಲಿಯುವುದಕ್ಕೂ ಮೊದಲೇ ಜಪಾನಿನಲ್ಲಿ ಯಾರೋ ಮಾಡಿದ ಆಟ. ನಾಲ್ಕು ಜನ ಪುಟಾಣಿಗಳು ಒಬ್ಬರ ಹಿಂದೆ ಒಬ್ಬರು ಇರುವೆ ಸಾಲಿನಂತೆ ಬೆಟ್ಟ, ಕಾಡು, ಸೇತುವೆ ದಾಟಿಕೊಂಡು ಎಲ್ಲಿಗೋ ಹೋಗುತ್ತಿರುತ್ತಾರೆ. ದಾರಿಯಲ್ಲಿ ಹುಳಹುಪ್ಪಟೆ, ಭೂತಪ್ರೇತ ಅಡ್ಡ ಬರುತ್ತವೆ. ಹೊಡೆದಾಡಿದಷ್ಟೂ ಇವರ ಬಲ ಹೆಚ್ಚುತ್ತದೆ. ಕಥೆಯೆಲ್ಲ ಪರದೆಯ ಕೆಳಗಿನ ಕಪ್ಪು ಚೌಕದಲ್ಲಿ ಅಕ್ಷರಗಳಾಗಿ ಬರುತ್ತದೆ. ಅಕ್ಷರಗಳು ಜಪಾನಿಯವು. ಅವನಿಗೆ ಅದರಲ್ಲಿ ಒಂದೂ ಗೊತ್ತಿರಲಿಲ್ಲ. ಸಾಲುಗಳನ್ನು ಜಾಗದಿಂದ ಗುರುತಿಟ್ಟುಕೊಂಡಿದ್ದ: ಅಂಗಡಿಯವನ ಹತ್ತಿರ ಮೊದಲನೆಯದು ಕೊಳ್ಳುವುದು, ಛತ್ರದವಳ ಹತ್ತಿರ ಮೇಲಿನದು ಹೂಂ, ಕೆಳಗಿನದು ಊಹೂಂ. ಮೊದಲ ವಾರವೇ ಗೊತ್ತಿಲ್ಲದ ಒಂದು ಸಾಲು ಒತ್ತಿ ನಾಯಕನ ಕತ್ತಿಯನ್ನೇ ಮಾರಿಬಿಟ್ಟಿದ್ದ. ಎರಡು ದಿನ ಮುಖ ಸಪ್ಪಗೆ ಮಾಡಿಕೊಂಡಿದ್ದು, ಆಮೇಲೆ ಒಂದು ನಿಯಮ ಮಾಡಿಕೊಂಡ. ಗೊತ್ತಿಲ್ಲದ ಸಾಲು ಮುಟ್ಟಬಾರದು.

ಅವನ ಕಸುಬು ಹಲ್ಲು ಕಟ್ಟುವುದು. ಡಾಕ್ಟರುಗಳು ಕಳಿಸಿದ ಬಾಯಿಯ ಅಚ್ಚುಗಳಿಂದ ಪ್ಲಾಸ್ಟರಿನ ದವಡೆ ಮಾಡಿ, ಅದರ ಮೇಲೆ ಮೇಣದಲ್ಲಿ ಹಲ್ಲು ಜೋಡಿಸಿ, ಕಡೆಗೆ ಯಾರದೋ ಬಾಯಿಗೆ ಕೂರುವ ಸೆಟ್ಟು ಮಾಡಿ ಕಳಿಸಬೇಕು. ಆ ಯಾರೋ ಯಾರೆಂದು ಲ್ಯಾಬಿನವರಿಗೆ ಎಂದೂ ಗೊತ್ತಾಗುವುದಿಲ್ಲ, ಬರೀ ದವಡೆ ಬರುತ್ತದೆ. ಅಚ್ಚುಗಳ ಬಾಯಿ ಬಿಡಿಸುವುದರಲ್ಲಿ ಅವನು ಪಳಗಿದ್ದ. ಇವರು ನಿದ್ದೆಯಲ್ಲಿ ಹಲ್ಲು ಕಡೀತಾರೆ ನೋಡು, ಯಾರ ಮೇಲೋ ಸಿಟ್ಟಿದೆ, ಹೇಳೋಕೆ ಧೈರ್ಯ ಇಲ್ಲ ಎನ್ನುತ್ತಿದ್ದ. ಈಯಮ್ಮ ಬರೀ ಎಡಗಡೆ ಅಗೀತಾಳೆ, ಬಲಗಡೆ ಮಲಗೋನು ಗೊರಕೆ ಹೊಡೀತಾನೆ. ಅದಕ್ಕೂ ಇದಕ್ಕೂ ಏನು ಸಂಬಂಧ ಎಂದು ಅವಳು ಮದುವೆಯಾದ ಹೊಸತರಲ್ಲಿ ಕೇಳಿ ನಕ್ಕದ್ದುಂಟು. ಆಮೇಲೆ ಕೇಳುವುದನ್ನು ಬಿಟ್ಟಳು. ಸಂಜೆ ಅವನು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಆಟದ ಮುಂದೆ ಕೂರುತ್ತಿದ್ದ. ಅವಳು ಹಿಂದಿನ ಮೇಜಿನಲ್ಲಿ ಕರಡುಗಳ ಮುಂದೆ. ಓದಲು ಬಾರದ ಆಟದ ಕಥೆಯನ್ನು ಅವನು ಅವಳಿಗೆ ಹೇಳುತ್ತಿದ್ದ, ಪರದೆಯಿಂದ ಕಣ್ಣು ತೆಗೆಯದೆ, ಪ್ಲಾಸ್ಟರಿನ ದವಡೆಗಳ ಕಥೆ ಹೇಳುವಷ್ಟೇ ಖಾತ್ರಿಯಿಂದ. ಈ ಊರಿನ ಬಾವಿಕಟ್ಟೆ ಹತ್ರ ನಿಂತಿದ್ದಾಳಲ್ಲ, ಅವಳ ಮಗ ಓಡಿಹೋಗಿದ್ದಾನೆ. ರಾಜನಿಗೆ ಮಂಡಿನೋವು, ಅದಕ್ಕೇ ಯಾವಾಗ್ಲೂ ಕೂತೇ ಇರ್ತಾನೆ. ಅವಳು ಹೂಂಗುಟ್ಟುತ್ತಿದ್ದಳು. ಕರಡು ತಿದ್ದುವವರಿಗೆ ಒಂದು ಶಿಸ್ತು ಇರುತ್ತದೆ: ಅರ್ಥದ ಬೆನ್ನು ಹತ್ತಿದರೆ ಅಕ್ಷರ ತಪ್ಪಿಹೋಗುತ್ತದೆ. ಅವಳು ಅರ್ಥಕ್ಕೆ ಹೋಗದೆ ಅಕ್ಷರ ಓದುತ್ತಿದ್ದಳು, ಅವನು ಅಕ್ಷರವಿಲ್ಲದೆ ಅರ್ಥ ಓದುತ್ತಿದ್ದ. ನಡುವೆ ಅವಳ ಹೂಂ ಒಂದು, ಸೋರುವ ನಲ್ಲಿಯಂತೆ, ಸರಿಯಾದ ಅಂತರದಲ್ಲಿ ತೊಟ್ಟಿಕ್ಕುತ್ತಿತ್ತು.

ಟಿವಿ ಹಾಕಿದಳು, ಮೆಷಿನ್ನಿನ ಗುಂಡಿ ಒತ್ತಿದಳು. ಯಾಕೆಂದು ತಿಳಿಯದು. ಕೊಡುವ ಮೊದಲು ಕೆಲಸ ಮಾಡುತ್ತಿದೆಯೇ ಎಂದು ನೋಡಬೇಕಲ್ಲ ಎಂದುಕೊಂಡಳು. ಚರ್ರೆಂದು ಪರದೆ ಬೆಳಗಿ, ಅವಳು ಸಾವಿರ ಸಲ ಕೇಳಿ ಒಂದು ಸಲವೂ ಕಿವಿಗೊಡದ ಸಂಗೀತ ಬಂದಿತು. ಅವನು ಬಿಟ್ಟುಹೋದ ಜಾಗ: ದೀಪ ಹಚ್ಚಿಕೊಂಡು ಕೂತ ಒಬ್ಬ ಮುದುಕನ ಮನೆ. ಪ್ರತಿ ಸಂಜೆ ಆಟ ನಿಲ್ಲಿಸುವ ಮುಂಚೆ ಅವನು ಈ ಮುದುಕನ ಹತ್ತಿರ ಬರುತ್ತಿದ್ದ, ಅಲ್ಲಿಯವರೆಗಿನ ದಾರಿಯನ್ನು ಬರೆದಿಟ್ಟುಕೊಳ್ಳುವವನು ಈ ಮುದುಕನೇ. ಮೊದಲನೆಯ ಸಾಲು ಒತ್ತಿದರೆ ಬರೆದಿಟ್ಟುಕೊಳ್ಳುತ್ತಾನೆ. ಅವಳು ಬಾಣದ ಗುಂಡಿ ಒತ್ತಿದಳು. ಪುಟಾಣಿಗಳ ಸಾಲು ಹೊರಗೆ ಬಂದಿತು, ಹುಲ್ಲಿನ ಬಯಲಿಗೆ. ಮುಂದೆ ನಾಯಕ, ಅವನ ಹಿಂದೆ ಗಡ್ಡದವನು, ಅವನ ಹಿಂದೆ ಟೋಪಿಯವನು, ಅವರ ಹಿಂದೆ ಒಂದು ಕಂದು ಪೆಟ್ಟಿಗೆ, ನೆಲದ ಮೇಲೆ ತಾನೇ ತಾನಾಗಿ ಜಾರಿಕೊಂಡು.

“ಅದೇನೇ ಪೆಟ್ಟಿಗೆ?” ಎಂದರು ಅತ್ತೆ. ಯಾವಾಗ ಬಂದು ಪಕ್ಕದಲ್ಲಿ ಕೂತಿದ್ದರೋ.

“ಅದರಲ್ಲಿ ನಾಲ್ಕನೆಯವರು ಮಲಗಿದ್ದಾರೆ ಅತ್ತೆ. ಸುಸ್ತಾಗಿ.”

“ಮಲಗಿದ್ರೆ ಬಿಟ್ಟು ಹೋಗ್ಬಾರದಾ?”

“ಬಿಟ್ಟು ಹೋಗಲ್ಲ. ಒಳ್ಳೆ ಜನ. ಎಳ್ಕೊಂಡೇ ಹೋಗ್ತಾರೆ.” ಇದು ಅವನ ಮಾತು. ಅವನ ದನಿಯ ಏರಿಳಿತವೂ ತನ್ನ ಬಾಯಲ್ಲಿ ಬಂದದ್ದು ಅವಳಿಗೇ ಕೇಳಿಸಿತು.

“ಹೂಂ,” ಎಂದರು ಅತ್ತೆ. ಆಮೇಲೆ, “ಎಲ್ಲಿಗೆ ಹೋಗ್ತಾರೆ?”

ಅದು ಅವಳಿಗೆ ಗೊತ್ತಿರಲಿಲ್ಲ. ಮೂರು ವರ್ಷ ಪ್ರತಿ ಸಂಜೆ ಕಥೆ ಕೇಳಿದವಳಿಗೆ ಕಥೆ ಎಲ್ಲಿಗೆ ಹೋಗುತ್ತದೆಂದು ಗೊತ್ತಿರಲಿಲ್ಲ. ತಲೆಯಲ್ಲಿ ತಡಕಿದಳು. ಬಾವಿಕಟ್ಟೆಯವಳು ಸಿಕ್ಕಳು, ರಾಜನ ಮಂಡಿ ಸಿಕ್ಕಿತು, ಉಳಿದದ್ದೆಲ್ಲ ಹೂಂ. ಗೊತ್ತಿದ್ದದ್ದು ಒಂದೇ. ಇವರು ಸೇತುವೆ ದಾಟಿರಲಿಲ್ಲ. ಊರಿನ ಹೊರಗಿನ ಈ ಬಯಲಲ್ಲೇ ಗಾಣದೆತ್ತಿನ ಹಾಗೆ ಸುತ್ತುತ್ತಿದ್ದರು, ಹುಳಗಳನ್ನು ಹೊಡೆಯುತ್ತಿದ್ದರು, ಬಲ ಹೆಚ್ಚಿಸಿಕೊಳ್ಳುತ್ತಿದ್ದರು. ಇನ್ನು ಹೆಚ್ಚಲು ಜಾಗವೇ ಇಲ್ಲದಷ್ಟು ಬಲ ಹೆಚ್ಚಿದ ಮೇಲೂ ಸುತ್ತುತ್ತಿದ್ದರು. ನಾಲ್ಕನೆಯವರು ಏಳಲಿ ಎಂದು. ನಾಲ್ಕನೆಯವರು ಇನ್ನೂ ಎದ್ದಿಲ್ಲ ಕಣೇ, ಎನ್ನುತ್ತಿದ್ದ ಅವನು ಊಟಕ್ಕೆ ಬರುವಾಗ, ಮನೆಗೆ ಬಂದ ಹಿರಿಯರೊಬ್ಬರ ವಿಷಯ ಹೇಳುವಂತೆ ಬಹುವಚನದಲ್ಲಿ. ಅವಳು ಆ ನಾಲ್ಕನೆಯವರನ್ನು ಎಂದೂ ನೋಡಿರಲಿಲ್ಲ. ಯಾರೋ ಮುದುಕರಿರಬೇಕು, ಕೋಲು ಹಿಡಿದವರು ಎಂದುಕೊಂಡಿದ್ದಳು. ಶುರುವಿನಲ್ಲೇ, ಅವಳೊಂದು ಗಣಿತದ ಪಠ್ಯಪುಸ್ತಕದ ಕರಡಿನಲ್ಲಿ ಮುಳುಗಿದ್ದ ಸಂಜೆ, ಅವನು ತಿರುಗಿ ಕೂತು ಕೇಳಿದ್ದ, “ಇವರನ್ನ ಎಬ್ಬಿಸೋದು ಹೇಗೆ ಅಂತ ಹುಡುಕ್ಲಾ? ನಿನಗೇನನ್ಸುತ್ತೆ?” ಅವಳು ಪೆನ್ನು ಎತ್ತದೆ, “ನಿದ್ದೆ ಮಾಡೋರನ್ನ ಯಾಕೆ ಎಬ್ಬಿಸ್ತೀಯ? ತಾವಾಗೇ ಎದ್ದಾರು” ಎಂದಿದ್ದಳು. ಮಾತು ಮುಗಿಸಲಿಕ್ಕೆ ಆಡಿದ ಮಾತು. ಅವನು “ಅದೂ ಸರಿ,” ಎಂದು ಪರದೆಯ ಕಡೆ ತಿರುಗಿದ್ದ. ಅದೂ ಸರಿ. ಗೊತ್ತಿಲ್ಲದ ಸಾಲು ಮುಟ್ಟಬಾರದು ಎನ್ನುವುದರ ಜೊತೆಗೆ ಅವನ ಆಟಕ್ಕೆ ಅದು ಎರಡನೆಯ ನಿಯಮವಾಯಿತು.

“ಇವನೂ ಹಾಗೇ,” ಎಂದರು ಅತ್ತೆ, ಪರದೆ ನೋಡುತ್ತಲೇ. “ಚಿಕ್ಕವನಿದ್ದಾಗ ಎಲ್ಲಿ ಕೂತ್ರೆ ಅಲ್ಲೇ ನಿದ್ದೆ. ಹೊತ್ಕೊಂಡೇ ಬರ್ಬೇಕು. ಎಬ್ಬಿಸಿದ್ರೆ ಒದೀತಿದ್ದ. ಇವರಪ್ಪನಿಗೆ ಒಂದು ಸಲ ಮೂಗಿಗೇ ಒದ್ದಿದ್ದ, ಅವರು ಆಫೀಸಿಗೆ ಟೊಮೇಟೊ ಮೂಗು ಇಟ್ಕೊಂಡು ಹೋದ್ರು.” ಸ್ವಲ್ಪ ನಕ್ಕರು. ಪೆಟ್ಟಿಗೆ ಹುಲ್ಲಿನ ಮೇಲೆ ಜಾರುತ್ತ ಒಂದು ಸುತ್ತು ಬಂತು. ಅತ್ತೆ ಸೀರೆಯ ಸೆರಗನ್ನು ಬೆರಳಿಗೆ ಸುತ್ತಿ ಬಿಚ್ಚಿದರು. “ಡಾಕ್ಟರು ನನ್ನ ಹತ್ರ ಅಂದ್ರು. ಬೆಳಗಿನ ಜಾವವೇ ಆಗಿರ್ಬೇಕು ಅಂತ.”

ಅವಳು ಗುಂಡಿಯಿಂದ ಬೆರಳು ತೆಗೆದಳು. ನಾಲ್ವರೂ ನಿಂತರು.

“ಇರ್ಬೇಕು ಅಂದ್ರಾ, ಆಗಿದೆ ಅಂದ್ರಾ?”

ಅತ್ತೆ ಸೆರಗನ್ನು ಮತ್ತೆ ಬೆರಳಿಗೆ ಸುತ್ತಿಕೊಂಡರು. “ಎರಡೂ ಒಂದೇ ಅಲ್ವೇನಮ್ಮ,” ಎಂದರು. ಎದ್ದು ಅಡುಗೆಮನೆಗೆ ಹೋದರು. ಈ ಸಲ ಪಾತ್ರೆ ಪಾತ್ರೆಗೆ ತಗಲಿ ಸದ್ದಾಯಿತು.

ಎರಡೂ ಒಂದೇ ಅಲ್ಲ ಎಂದು ಅವಳಿಗೆ ಗೊತ್ತಿತ್ತು. ವಾಕ್ಯದಲ್ಲಿ ಒಂದು ಪದ ಅತ್ತಿತ್ತ ಆದರೆ ಏನಾಗುತ್ತದೆ ಎನ್ನುವುದೇ ಅವಳ ಸಂಬಳದ ಕೆಲಸ. ಅವಳು ಚಿಲಕ ಹಿಡಿದು ಬಾಗಿಲು ಎಳೆದಾಗ ಅವನು ಬೆನ್ನು ತಿರುಗಿಸಿ ಮಲಗಿದ್ದ. ಹೊದಿಕೆ ಏರಿಳಿಯುತ್ತಿತ್ತೇ? ನೋಡಿದ್ದಳು. ಕಣ್ಣು ಅದರ ಮೇಲೆ ಹಾದುಹೋಗಿತ್ತು, ಕರಡಿನ ಮೇಲೆ ಹಾದುಹೋಗುವ ಹಾಗೆ. ಅಷ್ಟೇ. ಕಣ್ಣೀರು ಬಂದಿರಲಿಲ್ಲ, ಆ ದಿನವೂ ಆಮೇಲೂ. ಬಂದವರು ಅದನ್ನು ಗಮನಿಸಿದ್ದರು. ಕಲ್ಲು ಮನಸ್ಸಿರಬೇಕು ಎಂದು ಒಬ್ಬರು, ಆಘಾತ, ಪಾಪ ಎಂದು ಇನ್ನೊಬ್ಬರು ಬಾತ್‌ರೂಮಿನ ಬಾಗಿಲ ಹೊರಗೆ ಪಿಸುಗುಟ್ಟಿದ್ದರು. ಅವಳು ಒಳಗೆ ನಲ್ಲಿ ತಿರುಗಿಸಿಕೊಂಡು, ಯಾರು ಸರಿ ಎಂದು ತನಗೂ ತಿಳಿಯದೆ ನಿಂತಿದ್ದಳು.

“ಇವತ್ತೇ ಕೊಟ್ಟು ಬರ್ತೀನಿ ಅತ್ತೆ.”

“ಅವಸರ ಏನಿಲ್ಲ ಅಂದ್ರಲ್ಲೇ.”

“ನೀವೇ ಅಂದ್ರಲ್ಲ, ಮೂರು ಸಲ ಅಂದ್ರೆ ಅವಸರ ಅಂತ.”

ವೈರುಗಳನ್ನು ಸುತ್ತಿ ಒಂದು ಬಟ್ಟೆಯ ಚೀಲಕ್ಕೆ ಹಾಕಿದಳು. ಒಂದು ತುದಿ ಎಷ್ಟು ತುರುಕಿದರೂ ಹೊರಗೆ ಇಣುಕಿತು. ಮೆಟ್ಟಿಲಲ್ಲಿ ಕೆಳಗಿನ ಮನೆಯಾಕೆ ಎದುರಾದಳು, ತರಕಾರಿ ಚೀಲ ಹಿಡಿದುಕೊಂಡು ಮೇಲೆ ಬರುತ್ತಿದ್ದವಳು ಗೋಡೆಗೆ ಅಂಟಿಕೊಂಡು ಬೇಕಾದ್ದಕ್ಕಿಂತ ಹೆಚ್ಚೇ ದಾರಿ ಬಿಟ್ಟಳು. “ಕೆಲಸಕ್ಕಾ? ಒಳ್ಳೇದು ಬಿಡಿ. ಮನಸ್ಸು ಬೇರೆ ಕಡೆ ಹೋಗ್ಬೇಕು,” ಎಂದಳು. ಕಣ್ಣು ವೈರಿನ ಮೇಲಿತ್ತು. ಇಷ್ಟು ಬೇಗ ಮನೆಯ ಸಾಮಾನು ಮಾರಲು ಹೊರಟಳೇ ಎನ್ನುವ ಪ್ರಶ್ನೆ ಆ ಕಣ್ಣಲ್ಲಿ ಹುಟ್ಟಿ, ನಾಚಿ, ಸತ್ತಿತು. ಅವಳು ವಿವರಿಸಲು ಬಾಯಿ ತೆರೆದಳು. ಆಮೇಲೆ, ವಿವರಿಸಿದರೆ ಇನ್ನೂ ಮಾರಲು ಹೊರಟ ಹಾಗೇ ಕಾಣುತ್ತದೆ ಎನ್ನಿಸಿ, ನಕ್ಕಳು. ನಕ್ಕದ್ದೂ ತಪ್ಪಾಯಿತೇನೋ ಎಂದು ಬಸ್ಸಿನಲ್ಲಿ ಕೂತ ಮೇಲೂ ತುಟಿಗಳು ಬಿಗಿಯಾಗೇ ಇದ್ದವು. ತೊಡೆಯ ಮೇಲೆ ಮೆಷಿನ್ನು ಬೆಕ್ಕಿನಷ್ಟು ಭಾರವಾಗಿತ್ತು. ಪಕ್ಕದಲ್ಲಿ ಕೂತ ಗಂಡಸು ನಿದ್ದೆ ಹೋಗಿ ಅವಳ ಭುಜದ ಕಡೆ ವಾಲಿ ಬಂದ. ಅವಳು ಸರಿಯಲಿಲ್ಲ. ಅವನ ಸ್ಟಾಪು ದಾಟಿಹೋದರೆ, ಎಂದು ಒಮ್ಮೆ ಅನ್ನಿಸಿತು. ಎಬ್ಬಿಸಬೇಕು. ಎಬ್ಬಿಸಲು ಅವಳು ಯಾರು? ಮೂರು ಸ್ಟಾಪುಗಳು ಹಾಗೇ ಹೋದವು. ನಾಲ್ಕನೆಯದರಲ್ಲಿ ಅವಳು ಇಳಿಯಬೇಕಿತ್ತು. ಎದ್ದು ನಿಂತವಳು ಅವನ ತೋಳನ್ನು ಜೋರಾಗಿಯೇ ಅಲುಗಾಡಿಸಿದಳು. “ಏನಮ್ಮ?” ಎಂದು ಅವನು ಕಣ್ಣು ಕೆಂಪಗೆ ಮಾಡಿಕೊಂಡು ಗದರಿದ. “ಏನಿಲ್ಲ,” ಎಂದಳು. ಅವನು ಉಸಿರಾಡುತ್ತಿದ್ದ. ಅಷ್ಟು ನೋಡಿ ಇಳಿದಳು.

ಲ್ಯಾಬು ಒಂದು ಔಷಧದಂಗಡಿಯ ಮೇಲೆ, ಕಿರಿದಾದ ಮೆಟ್ಟಿಲ ತುದಿಯಲ್ಲಿತ್ತು. ಒಳಗೆ ಕಾಯಿಸಿದ ಮೇಣದ ವಾಸನೆ, ಅವನ ಶರ್ಟಿನ ವಾಸನೆ. ಕಪಾಟುಗಳ ತುಂಬ ಬಿಳಿಯ ದವಡೆಗಳು ಬಾಯಿ ತೆರೆದುಕೊಂಡು ಸಾಲಾಗಿ ಕೂತಿದ್ದವು, ಒಂದರ ಮೇಲೂ ಹೆಸರಿಲ್ಲ, ಬರೀ ನಂಬರು. ಕಿಟಕಿ ಪಕ್ಕದ ಮೇಜಿನ ಮೇಲೆ ಅರ್ಧ ಹಲ್ಲು ಜೋಡಿಸಿದ ಒಂದು ದವಡೆ ಹಾಗೇ ಇತ್ತು. ಯಾರ ಮೇಜೆಂದು ಕೇಳಬೇಕಾಗಿರಲಿಲ್ಲ.

“ಬಾಮ್ಮ, ಬಾ. ನೀನೇ ಹೊತ್ಕೊಂಡು ಬರೋದಾ?” ದವಡೆ ಮಾವ ಏಪ್ರನ್ನಿಗೆ ಕೈ ಒರೆಸಿಕೊಂಡು ಎದ್ದುಬಂದರು. ಬೋಳುತಲೆ, ಪ್ಲಾಸ್ಟರಿನ ಧೂಳು ಹಿಡಿದು ಬೆಳ್ಳಗಾದ ಹುಬ್ಬು. “ಅವಸರ ಏನಿರಲಿಲ್ಲ. ನನ್ನ ತಂಗಿ ಮಗಳು ಬಾಣಂತಿ, ಮಗು ತೊಡೆ ಮೇಲಿಟ್ಕೊಂಡು ಹೊತ್ತು ಹೋಗಲ್ಲ ಮಾವ, ನಿಮ್ಮ ಆಟ ಕೊಡಿ ಅಂತ ಪ್ರಾಣ ತಿಂತಿದಾಳೆ. ಅವಳೇ ಆ ಭಾಷೆ ಕಲಿತು ನನಗೆ ಓದಿ ಹೇಳ್ತಿದ್ದೋಳು. ನನ್ನ ಕಾಲು ಮುರಿದಾಗ.” ಕುರ್ಚಿಯ ಮೇಲಿನ ದವಡೆಯೊಂದನ್ನು ಎತ್ತಿ ಕೂರಲು ಜಾಗ ಮಾಡಿದರು. ಅವಳು ಕಿಟಕಿಯ ಕಡೆ ನೋಡುತ್ತಿದ್ದುದನ್ನು ಕಂಡು, “ಅದು ಹಾಗೇ ಇದೆ. ನಾನೇ ಮುಗಿಸ್ಬೇಕು. ಗಿರಾಕಿ ದಿನಾ ಫೋನ್ ಮಾಡಿ ಬೈತಾರೆ. ಹಲ್ಲಿಲ್ಲದವರು ಬೈದ್ರೆ ಒಂದು ಸುಖ, ಏನಂದ್ರು ಅಂತ ಗೊತ್ತಾಗಲ್ಲ,” ಎಂದರು. ಅವಳು ನಕ್ಕದ್ದು ನೋಡಿ ಅವರಿಗೆ ಸಮಾಧಾನವಾಯಿತು.

ಸುದ್ದಿ ನೋಡಲೆಂದು ಇಟ್ಟುಕೊಂಡ ಸಣ್ಣ ಟಿವಿಗೆ ಅವರು ವೈರು ಚುಚ್ಚಿದರು. “ಪರೀಕ್ಷೆ ಮಾಡ್ತಿದಾನೆ ಅಂದ್ಕೋಬೇಡಮ್ಮ. ಎಲ್ಲೀತನಕ ಹೋದ ಅಂತ ನೋಡೋ ಆಸೆ. ಇಲ್ಲಿ ದಿನಾ ಊಟದ ಹೊತ್ತಲ್ಲಿ ಕಥೆ ಹೇಳ್ತಿದ್ದ. ಎಲ್ಲ ತಪ್ಪು. ಆ ಬಾವಿ ಹತ್ರ ಇರೋಳು ಸುಣ್ಣ ಮಾರೋಳು, ಅವಳಿಗೆ ಮಗನೂ ಇಲ್ಲ ಗಿಗನೂ ಇಲ್ಲ. ನಾನು ತಿದ್ದಲಿಲ್ಲ. ಜಪಾನಿನೋರು ಬರೆದದ್ದಕ್ಕಿಂತ ಇವನದ್ದೇ ಚೆನ್ನ...” ಪರದೆ ಬೆಳಗಿತು. ಮುದುಕನ ಮನೆ, ದೀಪ, ಮೂವರು, ಹಿಂದೆ ಪೆಟ್ಟಿಗೆ. ದವಡೆ ಮಾವ ಕನ್ನಡಕ ಸರಿ ಮಾಡಿಕೊಂಡರು. “ಅಲ್ಲ, ಇದೇನಿದು. ಸತ್ತವರನ್ನ ಎಳ್ಕೊಂಡೇ ಓಡಾಡ್ತಿದ್ನಾ ಇಷ್ಟು ದಿನ?”

ಮಾತು ಹೊರಗೆ ಬಿದ್ದ ಮೇಲೆ ಅವರು ನಾಲಿಗೆ ಕಚ್ಚಿಕೊಂಡರು. ಕಪಾಟಿನ ದವಡೆಗಳು ಮಾತ್ರ ಹಾಗೇ ಬಾಯಿ ಬಿಟ್ಟುಕೊಂಡಿದ್ದವು.

“ಸತ್ತವರಲ್ಲ,” ಎಂದಳು ಅವಳು. “ಮಲಗಿರೋರು. ಸುಸ್ತಾಗಿ.”

“ಹೂಂ,” ಎಂದರು ಅವರು. ನೆಲ ನೋಡಿದರು. “ಮಲಗಿದ್ದಾರೆ ಅಂತಿದ್ದ, ನೆನಪಿದೆ. ನಿದ್ದೆ ಮಂತ್ರ ಹಾಕೋ ಹುಳ ಒಂದಿದೆ ಇದರಲ್ಲಿ, ಅದಿರ್ಬೇಕು ಅಂದ್ಕೊಂಡೆ. ಇದು... ಇದು ಹೆಣದ ಪೆಟ್ಟಿಗೆ ಕಣಮ್ಮ. ಗುಂಪಲ್ಲಿ ಯಾರಾದ್ರೂ ಹೋದ್ರೆ ಹೀಗೆ ಆಗುತ್ತೆ. ಆದ್ರೆ ಈ ಆಟದಲ್ಲಿ ಅದೇನು ದೊಡ್ಡ ವಿಷಯ ಅಲ್ಲ. ಎಬ್ಬಿಸಬಹುದು. ಎಲ್ರೂ ಮೊದಲ ದಿನವೇ ಕಲೀತಾರೆ. ಇವನು ಕೇಳಿದ್ರೆ ಹೇಳ್ತಿದ್ದೆ.”

“ಹೇಗೆ?”

“ಇದೇ ಮುದುಕನ ಹತ್ರ. ಇಲ್ಲೇ.” ಅವರು ಗುಂಡಿ ಒತ್ತಿದರು. ಮುದುಕ ಏನೋ ಹೇಳಿದ, ಕಪ್ಪು ಚೌಕದಲ್ಲಿ ಸಾಲುಗಳು ಮೂಡಿದವು. “ಮೊದಲನೇದು ಬರೆದಿಟ್ಕೊಳ್ಳೋದು. ಎರಡನೇದು ಎಬ್ಬಿಸೋದು.”

ಒಂದು ಸಾಲು ಕೆಳಗೆ. ಪ್ರತಿ ಸಂಜೆ ಅವನು ಈ ಮುದುಕನ ಮುಂದೆ ಬಂದು ನಿಂತಿದ್ದ. ಬಾಣದ ಗುರುತು ಮೊದಲ ಸಾಲಿನ ಮೇಲೆ ಮಿನುಗುವುದನ್ನು ನೋಡಿ, ಅದನ್ನೊತ್ತಿ, ಗೊತ್ತಿಲ್ಲದ್ದನ್ನು ಮುಟ್ಟದೆ, ನಿದ್ದೆ ಮಾಡುವವರನ್ನು ಎಬ್ಬಿಸದೆ, ಊಟಕ್ಕೆ ಬಂದಿದ್ದ. ಚಿಲಕ ಹಿಡಿದ ಅವಳ ಕೈಯಿಂದ ಅವನ ಹಾಸಿಗೆ ಎಷ್ಟು ದೂರವಿತ್ತು ಆ ಬೆಳಿಗ್ಗೆ?

“ಇಷ್ಟು ತಡವಾದ್ರೂ ಏಳ್ತಾರಾ?”

“ಎಷ್ಟು ತಡವಾದ್ರೂ ಏಳ್ತಾರೆ,” ಎಂದರು ದವಡೆ ಮಾವ. “ಅದಕ್ಕೇ ಇದನ್ನ ಆಟ ಅನ್ನೋದು.”

“ನಾನು ಎಬ್ಬಿಸಲಿಲ್ಲ,” ಎಂದಳು.

ಅವರು ಅವಳನ್ನು ನೋಡಲಿಲ್ಲ. ಪರದೆ ನೋಡುತ್ತ, ಆಟದ ಮಾತೆಂದೇ ಎಣಿಸಿ, “ನಿನಗೆ ಗೊತ್ತಿರಲಿಲ್ವಲ್ಲಮ್ಮ,” ಎಂದರು. ಅವಳು ಅದನ್ನು ತಿದ್ದಲಿಲ್ಲ. ಆ ಮಾತನ್ನು ಅದಿದ್ದ ಹಾಗೇ ತೆಗೆದುಕೊಂಡಳು, ತನಗೆ ಸೇರಿದ್ದೋ ಅಲ್ಲವೋ ಎಂದು ನೋಡದೆ, ಜಾತ್ರೆಯಲ್ಲಿ ಮೈಮರೆತವರು ಇನ್ಯಾರದೋ ಕೈ ಹಿಡಿದು ನಡೆಯುವ ಹಾಗೆ. ಕಂಟ್ರೋಲರನ್ನು ಅವರು ಅವಳ ಕಡೆ ಚಾಚಿದ್ದರು. “ಒತ್ತು. ನೀನೇ ಒತ್ತು.”

ಬಾಣವನ್ನು ಒಂದು ಸಾಲು ಕೆಳಗಿಳಿಸಿದಳು. ಒತ್ತಿದಳು. ಮುದುಕ ಕೈ ಎತ್ತಿದ, ಪರದೆ ಎರಡು ಸಲ ಬೆಳ್ಳಗಾಯಿತು, ಸಣ್ಣದೊಂದು ಸಂಗೀತ. ಪೆಟ್ಟಿಗೆ ಇದ್ದ ಜಾಗದಲ್ಲಿ ನಾಲ್ಕನೆಯವರು ನಿಂತಿದ್ದರು. ಮುದುಕರಲ್ಲ, ಕೋಲೂ ಇಲ್ಲ. ಒಬ್ಬ ಗಿಡ್ಡ ಹೆಂಗಸು. ಕೆಂಪು ಶಾಲು ಹೊದ್ದುಕೊಂಡು, ಎರಡು ಚುಕ್ಕಿಗಳ ಕಣ್ಣು ಪಿಳಿಪಿಳಿಸುತ್ತ, ಸಾಲಿನ ಕೊನೆಯಲ್ಲಿ, ಏನೂ ಆಗಿಲ್ಲವೆಂಬಂತೆ.

“ಇವಳೇ ನೋಡು, ಗಾಯ ವಾಸಿ ಮಾಡೋಳು,” ಎಂದರು ದವಡೆ ಮಾವ. “ಇವಳಿಲ್ದೆ ಇಷ್ಟು ದಿನ ಹೇಗಪ್ಪಾ ಆಡ್ದ ಪುಣ್ಯಾತ್ಮ. ಹುಳ ಒಂದು ಕಚ್ಚಿದ್ರೂ ಛತ್ರಕ್ಕೆ ಓಡಿ ಬರ್ಬೇಕು.”

ಅವನಿಗೆ ಗೊತ್ತಿತ್ತು. ಇವಳು ಪೆಟ್ಟಿಗೆಯೊಳಗೆ ಹೋಗುವ ಮುಂಚಿನ ದಿನಗಳಲ್ಲಿ, ಮೊದಲ ವಾರದಲ್ಲಿ, ಅವನು ಇವಳನ್ನು ನೋಡಿದ್ದ. ಮಲಗಿರುವುದು ಯಾರು ಎಂದು ಗೊತ್ತಿದ್ದೇ ಮೂರು ವರ್ಷ ಆ ಬಯಲನ್ನು ಸುತ್ತಿದ್ದ, ಸೇತುವೆಯ ಕಡೆ ನೋಡದೆ. ಅವಳಿಗೆ ಹೇಳಿರಲಿಲ್ಲ. ಅಥವಾ ಹೇಳಿದ್ದನೇನೋ. ಒಂದಲ್ಲ, ಹತ್ತು ಸಲ ಹೇಳಿಯೇ ಇದ್ದನೇನೋ, ನೆಲದ ಮೇಲೆ ಕೂತು, ಬೆನ್ನು ಮಾಡಿಕೊಂಡು: ಕೆಂಪು ಶಾಲಿನೋಳು ಕಣೇ, ಪಾಪ, ತುಂಬ ಸುಸ್ತು, ಎಳ್ಕೊಂಡು ಹೋಗ್ತಿದೀವಿ. ಅವಳು ಹಿಂದಿನಿಂದ, ಪೆನ್ನು ಎತ್ತದೆ, ಹೂಂ ಎಂದಿದ್ದಳೇನೋ. ಪರದೆ ಮಸುಕಾಯಿತು. ಟಿವಿ ಹಳೆಯದು, ಹಾಗಾಗುತ್ತದೆ ಎಂದುಕೊಂಡಳು. ಆಮೇಲೆ ಕಂಟ್ರೋಲರಿನ ಮೇಲೆ ಒಂದು ಹನಿ ಬಿದ್ದಾಗ, ಅದನ್ನು ಅವಸರವಾಗಿ ಸೆರಗಿನಿಂದ ಒರೆಸಿದಳು. ಬೇರೆಯವರ ವಸ್ತು.

ದವಡೆ ಮಾವ ಎದ್ದು ಕಿಟಕಿಯ ಪಕ್ಕದ ಮೇಜಿಗೆ ಹೋದರು. ಅರ್ಧ ಮುಗಿದ ದವಡೆಯನ್ನು ಬೆಳಕಿಗೆ ಹಿಡಿದು, ಬೆನ್ನು ಮಾಡಿಕೊಂಡು ಬಹಳ ಹೊತ್ತು ಪರೀಕ್ಷಿಸಿದರು. “ಬೇಕಾದ್ರೆ ಬರೆದಿಡು. ಮೊದಲನೇ ಸಾಲು,” ಎಂದರು ತಿರುಗದೆ. “ಬೇಡದಿದ್ರೆ ಹಾಗೇ ಆರಿಸು. ಅವನು ಬಿಟ್ಟ ಹಾಗೇ ಇರುತ್ತೆ, ಮಲಗಿದ ಹಾಗೇ. ತಂಗಿ ಮಗಳು ತನ್ನ ಆಟ ಬೇರೆ ಜಾಗದಲ್ಲಿ ಬರೆದಿಟ್ಕೊಳ್ತಾಳೆ, ಇದನ್ನ ಮುಟ್ಟಲ್ಲ.”

ಅವಳು ನಾಲ್ವರನ್ನೂ ಹೊರಗೆ ನಡೆಸಿದಳು. ಹುಲ್ಲಿನ ಬಯಲು. ನಾಯಕ, ಗಡ್ಡದವನು, ಟೋಪಿಯವನು, ಅವರ ಹಿಂದೆ ತನ್ನ ಕಾಲ ಮೇಲೆ ನಡೆಯುತ್ತ ಕೆಂಪು ಶಾಲು. ಅವನು ಸುತ್ತಿದ ದಾರಿಯಲ್ಲೇ ಒಂದು ಸುತ್ತು ಬಂದಳು. ಒಂದು ಹುಳ ಅಡ್ಡ ಬಂದಿತು, ಈ ಬಲಕ್ಕೆ ಅದು ಯಾವ ಲೆಕ್ಕ, ಒಂದೇ ಏಟಿಗೆ ಹೋಯಿತು. ಸೇತುವೆ ಕಂಡಿತು. ಅದರ ಹತ್ತಿರ ಸ್ವಲ್ಪ ಹೊತ್ತು ನಿಂತಳು, ನಾಲ್ವರೂ ಅಲ್ಲೇ ನಿಂತು ಕಾಲು ಕುಣಿಸಿದರು. ದಾಟಲಿಲ್ಲ. ತಿರುಗಿ ಊರಿಗೆ, ಮುದುಕನ ಮನೆಗೆ ಬಂದು ಮೊದಲನೆಯ ಸಾಲನ್ನು ಒತ್ತಿದಳು.

ಟಿವಿ ಆರಿಸಿ, ವೈರು ಕಿತ್ತು, ಕಂಟ್ರೋಲರನ್ನು ಅವನು ಸುತ್ತುತ್ತಿದ್ದ ಹಾಗೇ ಮೆಷಿನ್ನಿನ ಮೈಗೆ ಸುತ್ತಿದಳು. ಎದ್ದು ಕಿಟಕಿಯ ಹತ್ತಿರ ಹೋಗಿ ಎರಡೂ ಕೈಯಲ್ಲಿ ಹಿಡಿದು ಚಾಚಿದಳು. ದವಡೆ ಮಾವ ಕೈಯಲ್ಲಿದ್ದ ಹಲ್ಲನ್ನು ಕೆಳಗಿಟ್ಟು, ಏಪ್ರನ್ನಿಗೆ ಮತ್ತೊಮ್ಮೆ ಕೈ ಒರೆಸಿಕೊಂಡರು.

“ತಗೊಳ್ಳಿ ಮಾವ,” ಎಂದಳು. “ತುಂಬ ದಿನ ಇಟ್ಕೊಂಡ್ಬಿಟ್ವಿ.”